‘ಗಾಡಿಯಿಂದ ಬಿದ್ದ’ ಎಂದು ಬರೆಸಬೇಡಿ

ಸಂಪಾದಕರಿಗೆ,

ನರಸಾಪುರದಿಂದ ನಂಗಲಿವರೆಗೆ ಹೆದ್ದಾರಿ 75ರ ಅಪಘಾತಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲಾಗಿದೆ ಎನ್ನುವಲ್ಲಿಗೆ ಸುದ್ದಿ ಮುಗಿಯುತ್ತದೆ. ಆದರೆ ಪರಿಹಾರದ ಕೇಸು ನಿಲ್ಲುತ್ತದೋ ಬೀಳುತ್ತದೋ ಎಂಬುದು ಬಹಳಷ್ಟು ಸಲ ಗೊತ್ತಾಗಿಹೋಗುವುದು ಅದೇ ರಾತ್ರಿ, ಕ್ಯಾಶುವಾಲ್ಟಿಯ ಮೇಜಿನ ಮುಂದೆ.

ಡ್ಯೂಟಿ ಡಾಕ್ಟರು ‘ಏನಾಯ್ತು?’ ಎಂದು ಕೇಳುತ್ತಾರೆ. ಪೊಲೀಸು, ಸ್ಟೇಷನ್ನು ಎಂದು ಯಾರು ಅಲೆಯುತ್ತಾರೆ ಎಂದುಕೊಂಡು ಜೊತೆಗೆ ಬಂದ ಬಾಮೈದ ‘ಗಾಡಿಯಿಂದ ಬಿದ್ದ ಸಾರ್’ ಎಂದುಬಿಡುತ್ತಾನೆ. ರಿಜಿಸ್ಟರಿನಲ್ಲಿ ‘ಸೆಲ್ಫ್ ಫಾಲ್’ ಎಂದು ದಾಖಲಾಗುತ್ತದೆ. ಅದೇ ಸಾಲು ವೂಂಡ್ ಸರ್ಟಿಫಿಕೇಟಿಗೂ (ಗಾಯದ ಪ್ರಮಾಣಪತ್ರ) ಡಿಸ್ಚಾರ್ಜ್ ಸಮ್ಮರಿಗೂ ಇಳಿಯುತ್ತದೆ. ಎಂಟು ದಿನ ಬಿಟ್ಟು ‘ಟಿಪ್ಪರ್ ಗುದ್ದಿತು’ ಎಂದು ದೂರು ಕೊಟ್ಟರೆ, ವಿಮಾ ಕಂಪನಿಯ ವಕೀಲರು ಆ ಸಾಲನ್ನೇ ಓದಿ, ಗಾಡಿಯನ್ನು ಆಮೇಲೆ ತಂದು ಸೇರಿಸಿದ್ದಾರೆ ಎನ್ನುತ್ತಾರೆ.

ಆದ್ದರಿಂದ ಯಾವ ಜಾಗ, ಎಷ್ಟು ಗಂಟೆ, ಯಾವ ಗಾಡಿ ಗುದ್ದಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ನಂಬರ್ ಗೊತ್ತಿಲ್ಲದಿದ್ದರೆ ‘ನಂಬರ್ ಗೊತ್ತಿಲ್ಲದ ಲಾರಿ’ ಎಂದೇ ಬರೆಸಿ. ಪೊಲೀಸರಿಗೆ ತಿಳಿಸಬೇಕಾದ ಕೇಸೆಂದು ಆಸ್ಪತ್ರೆ ದಾಖಲಿಸುವ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ನಂಬರ್ ಗುರುತು ಹಾಕಿಕೊಂಡು, ಠಾಣೆಗೆ ಮಾಹಿತಿ ಹೋಯಿತೇ ಎಂದು ಕೇಳಿ. ಗುದ್ದಿದ ಗಾಡಿಯ ನಂಬರ್ ಪ್ಲೇಟಿನ ಫೋಟೊ ಇದ್ದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಅದರ ವಿಮೆ ಚಾಲ್ತಿಯಲ್ಲಿದೆಯೇ ಎಂದು ನಿಮಿಷದಲ್ಲಿ ತಿಳಿಯುತ್ತದೆ. ಅಪಘಾತ ಹೊಸಕೋಟೆ ಸರಹದ್ದಿನಲ್ಲಿ ಆಗಿದ್ದರೂ ಕೋಲಾರದ ಠಾಣೆಯಲ್ಲಿ ದೂರು ಕೊಡಬಹುದು. ಎಫ್‌ಐಆರ್ ಪ್ರತಿಗೆ ದೂರುದಾರ ಕಾಸು ಕೊಡಬೇಕಾಗಿಲ್ಲ. ಪೊಲೀಸರನ್ನು ದೂರವಿಟ್ಟರೆ ಇನ್ನೊಂದು ನಷ್ಟವೂ ಇದೆ. 2025ರಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಸಿಗುತ್ತದೆ. ಅದಕ್ಕೂ ಪೊಲೀಸರ ದೃಢೀಕರಣ ಬೇಕು.

ನಮ್ಮ ಕಡೆ ಇನ್ನೊಂದು ರೂಢಿ ಇದೆ: ಮೂಳೆ ಮುರಿದರೆ ಆಸ್ಪತ್ರೆ ದಾಟಿ ನೇರವಾಗಿ ಪುತ್ತೂರು ಕಟ್ಟಿಗೆ, ಅಂದರೆ ಆಂಧ್ರದ ಪುತ್ತೂರಿನ ನಾಟಿ ಮೂಳೆ ಕಟ್ಟಿಗೆ, ಹೋಗುವುದು. ಕಟ್ಟು ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಇಲ್ಲಿ ಬೇಡ. ಕಟ್ಟು ಹಾಕಿದವರು ವೂಂಡ್ ಸರ್ಟಿಫಿಕೇಟ್ ಕೊಡುವುದಿಲ್ಲ, ಕೋರ್ಟಿಗೆ ಬಂದು ಸಾಕ್ಷಿ ಹೇಳುವುದೂ ಇಲ್ಲ. ಮೊದಲು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ, ಫಿಲ್ಮು ಮತ್ತು ಎಂಎಲ್‌ಸಿ ದಾಖಲೆ ಕೈಯಲ್ಲಿರಲಿ.

ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕೇಸು ಬಿದ್ದುಹೋಗುವುದಿಲ್ಲ, ಇದನ್ನು ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿದೆ. ಆದರೆ ಆಪರೇಷನ್ ಇತ್ತು, ನೋಡಿಕೊಳ್ಳಲು ಬೇರೆ ಗಂಡಾಳಿರಲಿಲ್ಲ ಎಂಬಂಥ ಕಾರಣ ದೂರಿನಲ್ಲೇ ಇರಬೇಕು. ನಿಜವಾಗಿಯೂ ತಾನೇ ಬಿದ್ದಿದ್ದರೆ ಪರಿಚಯದವರ ಗಾಡಿ ತಂದು ತೋರಿಸುವ ಕೆಲಸಕ್ಕೆ ಹೋಗಬೇಡಿ, ಅದು ವಂಚನೆಯ ಕೇಸಾಗುತ್ತದೆ. ಗಾಡಿ ಸ್ವಂತದ್ದಾಗಿದ್ದು, ಡಿಎಲ್ ಚಾಲ್ತಿಯಲ್ಲಿದ್ದರೆ ಪಾಲಿಸಿಯಲ್ಲಿ ‘ಓನರ್ ಡ್ರೈವರ್’ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 15 ಲಕ್ಷ ರೂಪಾಯಿ, ಒಂದು ಕೈಯೋ ಕಾಲೋ ಹೋದರೆ ಅದರ ಅರ್ಧ ಬರುತ್ತದೆ. ಎಷ್ಟೋ ಮನೆಗಳಲ್ಲಿ ಪ್ರೀಮಿಯಂ ಕಟ್ಟಿಯೂ ಇದು ಗೊತ್ತಿರುವುದಿಲ್ಲ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಇದಕ್ಕೆ ಅರ್ಜಿ ಕೊಡಬೇಕಾದದ್ದು ಕಂದಾಯ ಇಲಾಖೆಯಲ್ಲಿ, ಕೋರ್ಟಿನಲ್ಲಲ್ಲ.

ಇನ್ನು ಆದಾಯ. ಗಾಯಾಳುವಿಗೆ 34 ವರ್ಷ, ದುಡಿಮೆಯ ಶಕ್ತಿ ಶೇ 20ರಷ್ಟು ಹೋಗಿದೆ ಎಂದಿಟ್ಟುಕೊಳ್ಳಿ. ವರ್ಷದ ನಷ್ಟವನ್ನು ಎಷ್ಟರಿಂದ ಗುಣಿಸಬೇಕು ಎಂಬ ಗುಣಕ ಆ ವಯಸ್ಸಿಗೆ 16. ತಿಂಗಳ ಆದಾಯ 10 ಸಾವಿರ ಎಂದು ಹಿಡಿದರೆ ಈ ಬಾಬ್ತಿಗೆ 3,84,000 ರೂಪಾಯಿ, 15 ಸಾವಿರ ಎಂದು ಹಿಡಿದರೆ 5,76,000. ಪುರಾವೆ ಇಲ್ಲದಿದ್ದರೆ ಅಂದಾಜು ಆದಾಯವೇ ಗತಿ. ರೈತರಿಗೆ ಪುರಾವೆ ಎಲ್ಲಿಂದ ಬರಬೇಕು ಎನ್ನುತ್ತಾರೆ. ಡೇರಿಯ ಹಾಲಿನ ಬಟವಾಡೆ ಬೀಳುವ ಪಾಸ್‌ಬುಕ್, ಟೊಮೆಟೊ ಮಂಡಿಯ ಪಟ್ಟಿ, ರೇಷ್ಮೆಗೂಡಿನ ಮಾರುಕಟ್ಟೆಯ ಚೀಟಿ ಇವೆಲ್ಲ ಪುರಾವೆಯೇ. ಮಂಡಿ ಪಟ್ಟಿಯನ್ನು ಜೇಬಿನಲ್ಲಿ ಮಡಿಸಿ ನೆನೆಸಿ ಬಿಸಾಡುವವರೇ ಹೆಚ್ಚು.

ಟೊಮೆಟೊ ಗಾಡಿಯ ವಿಷಯವನ್ನೂ ಹೇಳಲೇಬೇಕು. 15 ಕೆ.ಜಿ.ಯ ಬಾಕ್ಸುಗಳ ಮೇಲೆ ಕೂಲಿಯವರನ್ನು ಕೂರಿಸಿಕೊಂಡು ಬರುವುದು ಕೋಲಾರದ ರಸ್ತೆಯಲ್ಲಿ ನಿತ್ಯದ ನೋಟ. ಸರಕಿನ ಜೊತೆ ಕ್ಯಾಬಿನ್‌ನಲ್ಲಿ ಬರುವ ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆ. ದಾರಿಯಲ್ಲಿ ಹತ್ತಿಸಿಕೊಂಡವರಿಗೆ ಇಲ್ಲ. ಆ ಗಾಡಿಯೇ ಮಗುಚಿದರೆ ಅವರ ಪರಿಹಾರದ ಹೊರೆ ಗಾಡಿ ಮಾಲೀಕನ ತಲೆಗೆ ಬರುತ್ತದೆ, ಅವನ ಹತ್ತಿರ ಇರುವುದು ಸಾಲದ ಮೇಲೆ ತಂದ ಆ ಗಾಡಿ ಒಂದೇ.

ಅಪಘಾತವಾದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್ 1ರಿಂದ ಇದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ ನಿಜ, ಹಾಗೆಂದು ಕಾಯುತ್ತ ಕೂರುವುದು ಜಾಣತನವಲ್ಲ. ಬೆಂಗಳೂರಿಗೆ ಹೋಗಬೇಕಾಗಿಲ್ಲ, ವಾಸವಿರುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು. ವಾರ್ಡಿಗೇ ಬಂದು ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎನ್ನುವ ಏಜೆಂಟರಿಗೆ ಖಾಲಿ ಕಾಗದದ ಮೇಲೆ ಸಹಿ ಹಾಕಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೂ ನಿಷಿದ್ಧ. ಮಹಿಳೆಯರು, ಪರಿಶಿಷ್ಟರು ಮತ್ತು ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅಪೀಲು ಇಲ್ಲ. ಕಾಲಿನಲ್ಲಿರುವ ರಾಡ್ ತೆಗೆಸುವ ಖರ್ಚು ಸೇರಿದೆಯೇ ಎಂದು ಸಹಿಗೆ ಮೊದಲೇ ನೋಡಿಕೊಳ್ಳಬೇಕು.

ಆರೋಗ್ಯ ಇಲಾಖೆಗೂ ಕಾನೂನು ಸೇವಾ ಪ್ರಾಧಿಕಾರಕ್ಕೂ ಒಂದು ಮನವಿ: ಪ್ರತಿ ಕ್ಯಾಶುವಾಲ್ಟಿಯ ಮೇಜಿನ ಎದುರಿನ ಗೋಡೆಗೆ ‘ಅಪಘಾತ ಹೇಗಾಯಿತೆಂದು ಸರಿಯಾಗಿ ಬರೆಸಿ, ಎಂಎಲ್‌ಸಿ ನಂಬರ್ ಕೇಳಿ ಪಡೆಯಿರಿ’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ದಪ್ಪ ಅಕ್ಷರದ ಒಂದು ಬೋರ್ಡು ಹಾಕಿಸಲಿ.

– ವಕೀಲರೊಬ್ಬರು, ಕೋಲಾರ