ಸಚಿವರೇ, ಲಸಿಕೆ ಬಗ್ಗೆ ಆಡಿದ ಆ ಮಾತನ್ನ ಮೊದಲು ತಿದ್ದಿಸಿ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಬ್ಬ ಆಶಾ ಕಾರ್ಯಕರ್ತೆ. ತುಂಬಾ ದಿನ ತಡ್ಕೊಂಡೆ, ಇನ್ನಾಗಲ್ಲ ಅಂತ ಬರೀತಿದ್ದೀನಿ.

2025ರ ಜೂನ್ ಕೊನೇಲಿ ನಮ್ಮ ಜಿಲ್ಲೆ ಹಾರ್ಟ್ ಅಟ್ಯಾಕ್ ಸುದ್ದಿ ಟಿವಿಲಿ ಹೆಂಗೆ ಬರ್ತಿತ್ತು ಅಂತ ನೀವೂ ನೋಡಿದ್ದೀರಿ, ಕ್ರಿಕೆಟ್ ಸ್ಕೋರ್ ಥರ ಕೆಂಪು ಪಟ್ಟೀಲಿ 'ಇನ್ನೊಂದು ಬಲಿ', ಹಿಂದೆ ಢಂ ಢಂ ಮ್ಯೂಸಿಕ್ಕು, ಅದನ್ನೇ ಕತ್ತರಿಸಿ ರೀಲ್ಸು, ಆಮೇಲೆ ವಾಟ್ಸಾಪ್ ಸ್ಟೇಟಸ್ಸು. ಜನ ಹೆದರಿ ಮೈಸೂರು ಜಯದೇವ ಹೃದಯದ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು. ಗಾಬರಿ ಬೀಳ್ಬೇಡಿ ಅಂತ ಡಾಕ್ಟರೇ ಹೇಳಿದ್ರೂ ಕೇಳೋರಿಲ್ಲ. ಇದರ ಮಧ್ಯೆ ಜುಲೈ 1ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಎಕ್ಸ್‌ನಲ್ಲಿ, ಅವಸರದಲ್ಲಿ ಒಪ್ಪಿಗೆ ಕೊಟ್ಟ ಕೋವಿಡ್ ಲಸಿಕೆನೂ ಕಾರಣ ಇರಬಹುದು ಅನ್ನೋ ಅರ್ಥದಲ್ಲಿ ಬರೆದ್ರು. ಆಮೇಲೆ ಸರ್ಕಾರವೇ ಮಾಡಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂತು, ಬಿಪಿ, ಶುಗರ್ರು, ಸಿಗರೇಟು ಕಡೆ ಬೊಟ್ಟು ಮಾಡ್ತು. ಸಂತೋಷ. ಆದ್ರೆ ಸರ್, ಆ ಪೋಸ್ಟು ನಮ್ಮೂರಿಗೆ ಅವತ್ತೇ ಬಂತು, ಸಮಿತಿ ರಿಪೋರ್ಟು ಇನ್ನೂ ದಾರೀಲೇ ಇದೆ.

ಏಟು ಬಿದ್ದಿದ್ದು ನಮ್ಮಂಥೋರಿಗೆ. ಒಂದು ಮನೇಲಿ ಒಂಬತ್ತು ತಿಂಗಳ ಕೂಸು, ದಡಾರ-ರುಬೆಲ್ಲಾ ಇಂಜೆಕ್ಷನ್ ಹಾಕ್ಸೋ ಟೈಮು. ತಾಯಿ ಕಾರ್ಡ್ ಕೊಡಿ ಅಂದ್ರೆ ಅಜ್ಜ ಒಳಗಿಂದ ಮೊಬೈಲ್ ತಂದು ಸ್ಕ್ರೀನ್‌ಶಾಟ್ ನನ್ನ ಮುಖಕ್ಕೆ ಹಿಡ್ದು, "ಸಿಎಮ್ಮೇ ಹೇಳವ್ರೆ, ನೀನ್ಯಾವಳು? ಮಗೀಗೆ ಏನಾರ ಆದ್ರೆ ನೀನು ಬತ್ತೀಯಾ?" ಅಂದ. ಅದು ಬೇರೆ ಇದು ಬೇರೆ ತಾತ, ದಡಾರದ್ದು ನಿಮ್ಮ ಮಗನಿಗೂ ಹಾಕ್ಸಿದ್ರಲ್ಲ ಅಂದೆ, ಎಲ್ಲಿ ಕೇಳ್ತಾರೆ. ಸೊಸೆ ಬಾಗಿಲ ಹಿಂದೆ ಕಾರ್ಡ್ ಹಿಡ್ಕೊಂಡೇ ನಿಂತಿದ್ಲು ಪಾಪ, ಈಚೆ ಬರೋ ಧೈರ್ಯ ಇಲ್ಲ. ಗುರುವಾರ ಲಸಿಕೆ ಹಾಕೋ ದಿನ ಮಗು ಬರ್ಲಿಲ್ಲ. ಸಂಜೆ ಮೇಲಿಂದ ಫೋನು, ನಿನ್ನ ಏರಿಯಾದಲ್ಲೇ ಯಾಕಮ್ಮ ಹಿಂಗೆ ಅಂತ. ನನ್ನನ್ನ ಕೇಳ್ತಾರೆ!

2017ರಲ್ಲಿ ಇದೇ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ್ಲೂ ವಾಟ್ಸಾಪಲ್ಲಿ ಗಾಳಿಸುದ್ದಿ ಓಡಾಡಿತ್ತು. ಆಗ ಯಾರೋ ಅಡ್ರೆಸ್ ಇಲ್ದೋರು ಕಳ್ಸಿದ್ದು, ನಂಬ್ಬೇಡಿ ಅಂತಿದ್ವಿ. ಈಗ ಏನಂತ ಹೇಳ್ಲಿ, ನೀವೇ ಹೇಳ್ಕೊಡಿ.

ಕೇಳೋದು ಇಷ್ಟೇ. ಮಾತಾಡಿದವರ ಬಾಯಲ್ಲೇ ತಿದ್ದಿಸಿ. ಅದೇ ಎಕ್ಸ್‌ನಲ್ಲಿ, ಅದೇ ಟಿವಿಗಳಲ್ಲಿ, ಅಷ್ಟೇ ಜೋರಾಗಿ. ಪಿಡಿಎಫ್ ಬೇಡ ಸ್ವಾಮಿ, ಪಿಡಿಎಫ್ ಓದೋ ಅಜ್ಜ ನಮ್ಮೂರಲ್ಲಿಲ್ಲ. ಒಂದು ನಿಮಿಷದ ವಿಡಿಯೋ ಸಾಕು, ಮುಖ್ಯಮಂತ್ರಿಗಳು ಪಕ್ಕದಲ್ಲಿ ಡಾಕ್ಟರನ್ನ ಕೂರಿಸ್ಕೊಂಡು 'ಮಕ್ಕಳಿಗೆ ಲಸಿಕೆ ಹಾಕ್ಸಿ' ಅಂತ ಕನ್ನಡದಲ್ಲಿ ಹೇಳ್ಲಿ. ತಿದ್ದಿಸಿ ಸರ್. ಮುಂದಿನ ಗುರುವಾರದೊಳಗೆ ಕಳ್ಸಿ, ನಾನು ಮತ್ತೆ ಅದೇ ಮನೆಗೆ ಹೋಗ್ಬೇಕು.

ಇತಿ,
ಹಾಸನ ಜಿಲ್ಲೆಯ ಒಬ್ಬ ಆಶಾ