ಮುಂಗಡ ಕೊಡುವ ಮೊದಲು ತೂಕ ಹಾಕಿಸು

ಮಂಡ್ಯ

ಚಿ. ರಘುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾಲೆಗೆ ನೀರು ಬಿಟ್ಟಿದ್ದಾರೆ, ನಿಮ್ಮಪ್ಪ ಗದ್ದೆ ಬಿಟ್ಟು ಮನೆ ಕಡೆ ಬರುತ್ತಿಲ್ಲ. ನೀನು ಡೆನ್ವರ್‌ನಿಂದ ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ನೀನು ಕೊಳ್ಳಬೇಕು ಅಂತಿರುವ ಆ ಹಳೇ ಕ್ಯಾಂಪರ್, ಅಂದರೆ ಪಿಕಪ್ ಟ್ರಕ್ ಮೇಲೆ ಹೊರಿಸುವ ಪುಟ್ಟ ಮನೆ, ಒಳಗೆ ಒಲೆ, ಮಕ್ಕಳು ಮಲಗುವ ಅಟ್ಟ, ಎಲ್ಲ ಚೆನ್ನಾಗಿದೆ. ನಿನ್ನ ಆಸೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್‌ನಲ್ಲಿ ಕಬ್ಬಿನ ಗಾಡಿ ತೂಗಿ ಸಂಬಳ ತಗೊಂಡವನು ನಾನು. ಗಾಡಿ ಎಷ್ಟು ಹೊರುತ್ತದೆ ಅನ್ನುವ ವಿಷಯದಲ್ಲಿ ನನ್ನ ಮಾತು ಕೇಳು.

ಕ್ಯಾಂಪರ್ 1,230 ಪೌಂಡ್, ನನ್ನ ಟ್ರಕ್ 1,650 ಹೊರುತ್ತದೆ, ಇನ್ನೂ 420 ಮಿಗುತ್ತದೆ ಅಂತ ಬರೆದಿದ್ದೀಯ. ಹಾಗಲ್ಲ ಮಗಾ. 1,230 ಅನ್ನುವುದು ಕಂಪನಿ ಕಾಗದದ ಒಣ ತೂಕ. ಅದರಲ್ಲಿ ನೀರಿಲ್ಲ, ಗ್ಯಾಸ್ ಇಲ್ಲ, ಹಳೇ ಮಾಲೀಕರು ಆಮೇಲೆ ಹಾಕಿಸಿದ ಏಸಿ, ಸೋಲಾರ್ ಯಾವುದೂ ಇಲ್ಲ. ಇನ್ನು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ಫೋಟೋವನ್ನು ದೊಡ್ಡದು ಮಾಡಿಕೊಂಡು ಓದಿದೆ. ಕೂರುವ ಜನ, ಸಾಮಾನು ಎರಡೂ ಸೇರಿ 1,650 ಮೀರಬಾರದು ಅಂತ ಬರೆದಿದೆ. ಅಂದರೆ ಸ್ಟೇರಿಂಗ್ ಹಿಡಿಯುವ ನೀನೂ ಆ ಲೆಕ್ಕದೊಳಗೇ ಬಂದೆ ಅಲ್ವಾ?

ಕೂಡಿ ನೋಡು. ನೀರಿನ ಟ್ಯಾಂಕ್ 25 ಗ್ಯಾಲನ್. ನಿಮ್ಮ ಕಡೆಯ ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್, ತುಂಬಿಸಿದರೆ 208. 20 ಪೌಂಡ್ ಸಿಲಿಂಡರ್ ಅಂದರೆ ಗ್ಯಾಸ್ ಮಾತ್ರ 20, ಕಬ್ಬಿಣವೂ ಸೇರಿದರೆ 37ರ ಹತ್ತಿರ. ಬ್ಯಾಟರಿ 60. ನೀವು ನಾಲ್ಕು ಜನ 390 ಅಂತ ಇಟ್ಟುಕೋ. ಅಕ್ಕಿ, ಕುಕ್ಕರ್, ಹೊದಿಕೆ, ಬಟ್ಟೆಬರೆ 250ಕ್ಕೆ ಕಡಿಮೆ ಆಗುವುದಿಲ್ಲ. ನಿನ್ನ ಹೆಂಡತಿ ಮೂಟೆ ಕಟ್ಟುವುದನ್ನು ನೋಡಿದ್ದೇನೆ. ಎಲ್ಲ ಸೇರಿ 2,175 ಪೌಂಡ್. ನಮ್ಮ ಲೆಕ್ಕದಲ್ಲಿ 748 ಕೆಜಿ ಹೊರುವ ಗಾಡಿ ಮೇಲೆ ಎರಡು ಕ್ವಿಂಟಾಲ್‌ಗೂ ಜಾಸ್ತಿ ಹೆಚ್ಚುವರಿ ಭಾರ.

ಭಾರ ಎಷ್ಟು ಅನ್ನುವುದರ ಜೊತೆ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ಕ್ಯಾಂಪರ್ ಭಾರ ಬಹುಪಾಲು ಹಿಂದಿನ ಆಕ್ಸಲ್ ಮೇಲೇ ಬೀಳುತ್ತದೆ. ಅದರ ತೂಕದ ಮಧ್ಯಬಿಂದು ಎಲ್ಲಿದೆ ಅಂತ ಸಾಮಾನ್ಯವಾಗಿ ಪಕ್ಕದಲ್ಲಿ ಗುರುತು ಹಾಕಿರುತ್ತಾರೆ. ಆ ಗುರುತು ಹಿಂದಿನ ಆಕ್ಸಲ್‌ಗಿಂತ ಮುಂದೆ ಬರಬೇಕು. ಟ್ರಕ್ಕಿನ ಹಿಂದೆ ಸಾಮಾನು ಹೇರುವ ತೊಟ್ಟಿ 8 ಅಡಿ ಇರುವ ಗಾಡಿಗೆ ಮಾಡಿದ್ದನ್ನು ನಿನ್ನ ಗಿಡ್ಡ ತೊಟ್ಟಿಗೆ ಹೊರಿಸಿದರೆ ಅದು ಹಿಂದಕ್ಕೆ ಹೋಗುತ್ತದೆ. ಹಿಂದೆ ಜಾಸ್ತಿ ಕಬ್ಬು ಹೇರಿದ ಟ್ರಾಕ್ಟರ್ ಏರಿನಲ್ಲಿ ಮುಂಗಾಲು ಎತ್ತುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಮುಂದಿನ ಚಕ್ರ ಹಗುರಾದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಕೂರಿಸುವ ಗಾಳಿಚೀಲ, ಏರ್‌ಬ್ಯಾಗ್ ಹಾಕಿಸಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದರು ಅಂದೆ. ಅದು ಕುಸಿದ ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆ, ಅಷ್ಟೇ. ಬ್ರೇಕು, ಆಕ್ಸಲ್, ಚಕ್ರ ಎಲ್ಲ ಹಳೆಯವೇ. ಸ್ಟಿಕ್ಕರ್ ಮೇಲಿನ ಅಂಕಿ ಅದರಿಂದ ಏರುವುದಿಲ್ಲ. ನಾವು ಅಲ್ಲಿಗೆ ಬಂದಿದ್ದಾಗ ಬೆಟ್ಟ ಕೊರೆದು ಮಾಡಿದ ಐಸೆನ್‌ಹೋವರ್ ಸುರಂಗ ದಾಟಿ ಇಳಿಯುವಾಗ, ಬ್ರೇಕ್ ಹೋದ ಲಾರಿ ನುಗ್ಗಲಿ ಅಂತ ರಸ್ತೆ ಪಕ್ಕ ಜಲ್ಲಿ ತುಂಬಿದ ಏರುದಾರಿ ಮಾಡಿದ್ದರಲ್ಲ, ನೆನಪಿದೆಯಾ? ಆ ಇಳಿಜಾರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನು ನೀನು.

ಹಳೇ ಕ್ಯಾಂಪರ್ ನೋಡಲು ಹೋದಾಗ ಅಟ್ಟದ ಹಾಸಿಗೆ ಎತ್ತಿಸು. ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡು. ಮೆತ್ತಗೆ ಒಳಗೆ ಹೋದರೆ ನೀರು ಇಳಿದು ಮರ ಕೊಳೆತಿದೆ ಅಂತಲೇ ಅರ್ಥ. ನೆನೆದ ಮರ ತೂಕವನ್ನೂ ಏರಿಸುತ್ತದೆ.

ಆಮೇಲೆ ತೂಕ. ನಿಮ್ಮಲ್ಲಿ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ವೇಬ್ರಿಡ್ಜ್ ಇರುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ನೀವು ನಾಲ್ಕೂ ಜನ ಕೂತು, ಡೀಸೆಲೋ ಪೆಟ್ರೋಲೋ ಪೂರ್ತಿ ತುಂಬಿಸಿ, ಖಾಲಿ ಟ್ರಕ್ಕನ್ನು ಮೊದಲು ತೂಗಿಸು. ಬಾಗಿಲ ಹತ್ತಿರದ ಇನ್ನೊಂದು ಸ್ಟಿಕ್ಕರ್‌ನಲ್ಲಿ ಗಾಡಿಯ ಒಟ್ಟು ಮಿತಿ, ಒಂದೊಂದು ಆಕ್ಸಲ್‌ನ ಮಿತಿ ಬರೆದಿರುತ್ತದೆ. ಅದರಲ್ಲಿ ಇದನ್ನು ಕಳೆ. ಉಳಿದಿದ್ದೇ ನಿನ್ನ ಪಾಲು. ಮಾರುವವರ ಕ್ಯಾಂಪರ್ ಅವರ ಗಾಡಿ ಮೇಲೇ ಇದ್ದರೆ ಅದನ್ನೂ ಹೊರಿಸಿ, ಇಳಿಸಿ ಎರಡು ಸಲ ತೂಗಿಸು. ಖರ್ಚು ನೀನೇ ಕೊಡು. ತೂಗಲು ಒಪ್ಪದಿದ್ದರೆ ಆ ಕ್ಯಾಂಪರ್ ಬೇಡ.

ನನ್ನ ಲೆಕ್ಕದ ಪ್ರಕಾರ ನಿನ್ನ ಗಾಡಿಯಲ್ಲಿ ಕ್ಯಾಂಪರ್‌ಗೆ ಉಳಿಯುವುದು 705 ಪೌಂಡ್. ನೀರನ್ನು ಮನೆಯಲ್ಲೇ ತುಂಬಿಸದೆ ತಂಗುವ ಜಾಗದಲ್ಲಿ ತುಂಬಿಸಿದರೆ 900 ಚಿಲ್ಲರೆ. ಅಷ್ಟರಲ್ಲಿ ಚಾವಣಿ ಮೇಲಕ್ಕೆತ್ತುವ, ಬಟ್ಟೆ ಗೋಡೆಯ ಹಗುರ ಕ್ಯಾಂಪರ್ ಹುಡುಕು. ಈಗ ನೋಡಿರುವುದೇ ಬೇಕು ಅಂದರೆ ಟ್ರಕ್ ಬದಲಾಯಿಸಬೇಕಾಗುತ್ತದೆ.

ಅವಸರದಲ್ಲಿ ಸುಮ್ನೆ ಮುಂಗಡ ಕೊಟ್ಟುಬಿಡಬೇಡ. ತೂಕದ ಚೀಟಿಗಳ ಫೋಟೋ ಮೊದಲು ನನಗೆ ಕಳಿಸು. ಮಕ್ಕಳಿಗೆ ದೊಡ್ಡಮ್ಮ ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ