ಮಣ್ಣು ಮುಟ್ಟದ ವರ್ಷದ ಬೆಳೆ

ಪ್ರಿಯ ಸಭೆಯವರೇ, ನೆರೆಹೊರೆಯವರೇ, ದೂರದ ಊರುಗಳಿಂದ ಫೋನ್ ಮಾಡಿ ವಿಚಾರಿಸುತ್ತಿದ್ದ ಬಂಧುಗಳೇ,

ನನ್ನ ಕ್ಯಾನ್ಸರ್ ಚಿಕಿತ್ಸೆ ಮುಗಿಯಿತೆಂದು ವೈದ್ಯರು ಹೇಳಿದ್ದಾರೆ. ಇನ್ನು ಆಗಾಗ ತಪಾಸಣೆಗೆ ಹೋಗಿಬಂದರೆ ಸಾಕು. ಈ ಸಲದ ಬೆಳೆ ಹಬ್ಬಕ್ಕೆ ನನ್ನ ಬುಟ್ಟಿಯನ್ನು ನಾನೇ ಹೊತ್ತುಕೊಂಡು ದೇವಾಲಯಕ್ಕೆ ಬಂದೆ. ಆರಾಧನೆಯ ಕೊನೆಗೆ ನಾಲ್ಕು ಮಾತು ಹೇಳಲು ಸಭಾಪಾಲಕರಾದ ಅಯ್ಯನವರು ಕರೆದಾಗ ಎದ್ದು ನಿಂತೆ, ಗಂಟಲು ಕಟ್ಟಿಕೊಂಡಿತು, ಹಾಗೆಯೇ ಕುಳಿತೆ. ಅಂದು ಹೇಳಬೇಕೆಂದಿದ್ದುದನ್ನು ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಂಡು ಓದಿ.

ಬೆಳೆ ಹಬ್ಬವೆಂದರೇನೆಂದು ಘಟ್ಟದ ಮೇಲಿನ ಗೆಳತಿಯರು ಕೇಳಿದ್ದರು. ಕರಾವಳಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಪರಂಪರೆಯಿಂದ ಬಂದ ನಮ್ಮ ಕ್ರೈಸ್ತ ಸಭೆಗಳಲ್ಲಿ ಮಳೆ ಹಿಂದೆ ಸರಿದ ಮೇಲೆ ಒಂದು ಭಾನುವಾರ, ಮನೆಯ ಬೆಳೆಯ ಪಾಲನ್ನು ದೇವರ ಮುಂದೆ ತಂದಿಡುತ್ತೇವೆ. ಬಾಳೆಗೊನೆ, ತೆಂಗಿನಕಾಯಿ, ಕುಂಬಳ, ಸುವರ್ಣಗೆಡ್ಡೆ, ಕೋಳಿ, ಮೊಟ್ಟೆ, ಮನೆಯಲ್ಲಿ ಮಾಡಿದ ಕೇಕ್ ಎಲ್ಲವೂ ಬರುತ್ತವೆ. ಆರಾಧನೆಯ ನಂತರ ಅಂಗಳದಲ್ಲಿ ಏಲಂ. ಪೇಟೆಯಲ್ಲಿ ಯಾರೂ ಕೊಡದ ಬೆಲೆಗೆ ಒಂದು ಸೌತೆಕಾಯಿ ಹೋಗುತ್ತದೆ, ಬಂದ ಹಣ ಸಭೆಯ ಕೆಲಸಕ್ಕೆ. 1834ರಲ್ಲಿ ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದಿಳಿದ ಮೇಲೆ ಕ್ರಿಸ್ತನನ್ನು ನಂಬಿದ ನಮ್ಮ ಹಿರಿಯರಲ್ಲಿ ಹಲವರಿಗೆ ಮನೆತನದ ಕಸುಬೂ ನೆಲವೂ ಕೈತಪ್ಪಿದವು. ಮಿಷನ್ನಿನ ನೇಯ್ಗೆ ಕಾರ್ಖಾನೆ, ಆಮೇಲೆ 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ ಅವರಿಗೆ ಅನ್ನ ಕೊಟ್ಟವು. ಗದ್ದೆಯಿಲ್ಲದವರ ಹಿತ್ತಿಲಿನ ಬಸಳೆ ಚಪ್ಪರಕ್ಕೂ ಬೆಳೆ ಹಬ್ಬದಲ್ಲಿ ಬೆಳೆಯೆಂಬ ಮರ್ಯಾದೆಯಿದೆ. ಈ ಹಬ್ಬದ ಮೇಲೆ ನನಗೆ ಇಷ್ಟೊಂದು ಪ್ರೀತಿ ಇರುವುದು ಅದಕ್ಕಾಗಿಯೇ.

ನಮ್ಮದು ಮುರಕಲ್ಲಿನ ನೆಲ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಮಣ್ಣಿನ ಸಾರವೆಲ್ಲ ತೊಳೆದು ಹೋಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿಯೇ ತರಗೆಲೆ ಗುಡಿಸಿ, ಮಣ್ಣಿನೊಂದಿಗೆ ಒಟ್ಟಿ ನಿಧಾನವಾಗಿ ಸುಟ್ಟು ಸುಡುಮಣ್ಣು ಮಾಡಿಟ್ಟುಕೊಳ್ಳುತ್ತೇವೆ. ಕಳೆದ ವರ್ಷವೂ ಮೇ ತಿಂಗಳಿಗೆ ಸುಡುಮಣ್ಣು ಸಿದ್ಧವಾಗಿತ್ತು. ಬಿಳಿ ಬೆಂಡೆ, ಹೀರೆ, ಅಲಸಂಡೆ, ಮುಳ್ಳುಸೌತೆಯ ಬೀಜಗಳು ಬೂದಿ ಬೆರೆತು ಡಬ್ಬಿಗಳಲ್ಲಿದ್ದವು. ಅದೇ ವಾರ ಎದೆಯ ಗಂಟಿನ ವರದಿ ಬಂತು.

ಶಸ್ತ್ರಚಿಕಿತ್ಸೆಗೆ ನಾನು ಅಷ್ಟು ಹೆದರಲಿಲ್ಲ. ಕೀಮೋಥೆರಪಿಗೆ ಮುಂಚೆ ವೈದ್ಯರು ಹೇಳಿದ ಒಂದು ಮಾತು ಮಾತ್ರ ನನ್ನನ್ನು ಅಳಿಸಿತು. ಔಷಧಿಯಿಂದ ಬಿಳಿ ರಕ್ತಕಣಗಳು ಇಳಿಯುತ್ತವೆ, ಆಗ ಮಣ್ಣಿನಲ್ಲಿ ಸಹಜವಾಗಿರುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳೂ ಮೈಗೆ ಅಪಾಯ. ಮಣ್ಣಿನ ಕೆಲಸ ಬೇಡ, ಗೊಬ್ಬರ ಮುಟ್ಟಬೇಡಿ ಎಂದರು. ಕಾಯಿಲೆಯ ಹೆಸರನ್ನು ಕೇಳಿದಾಗ ಬಾರದ ಕಣ್ಣೀರು ಆಗ ಬಂತು. ಪ್ರಾರ್ಥನೆ ಮಾಡಲು ನನಗೆ ಹಿತ್ತಿಲು ಬೇಕು. ಕೈ ಮಣ್ಣಿನಲ್ಲಿದ್ದರೆ ಬಾಯಿಗೆ ಮಾತು ಬರುತ್ತದೆ.

ಆ ಮಳೆಗಾಲವಿಡೀ ನಾನು ಕಿಟಕಿಯ ಬಳಿಯ ಮಂಚದ ಮೇಲಿದ್ದೆ. ನನ್ನ ಬೀಜಗಳನ್ನು ನೆಟ್ಟವರು ನಮ್ಮವರು. ಬ್ಯಾಂಕಿನ ಲೆಕ್ಕದಲ್ಲಿ ಜೀವಮಾನ ಕಳೆದವರು, ಸಾಲು ಹಿಡಿಯಲು ನೂಲು ಕಟ್ಟಿ, ಗೇಣು ಅಳೆದು ಬೆಂಡೆ ಹಾಕಿದರು. ನಾನು ಕಿಟಕಿಯಿಂದ ಹೇಳುತ್ತಿದ್ದೆ, ಅವರು ಮಳೆಯಲ್ಲಿ ಗೊರಬೆ ಹಾಕಿಕೊಂಡು ಕೇಳುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ನಾವು ಇಷ್ಟು ಮಾತಾಡಿದ್ದು ಕಡಿಮೆ. ಪಕ್ಕದ ಶೆಟ್ಟರ ಮನೆಯ ಅಕ್ಕ ಹಟ್ಟಿಗೊಬ್ಬರ ಕಳುಹಿಸಿದರು, ಬೇಲಿ ಬಿಗಿಸಲು ಆಳನ್ನೂ ಕಳುಹಿಸಿದರು. ಆಚೆಮನೆಯ ಕ್ಯಾಥೊಲಿಕ್ ಅಮ್ಮ, ನಾವು ಬಾಯಿ ಎಂದು ಕರೆಯುವವರು, ಆಟಿ ತಿಂಗಳಿನಲ್ಲಿ ನಮ್ಮ ಹಿತ್ತಿಲಿನ ಕೆಸುವಿನೆಲೆ ಕೊಯ್ದು ಪತ್ರೊಡೆ ಮಾಡಿ, ಚೆನ್ನಾಗಿ ಬೆಂದದ್ದನ್ನು ಬಿಸಿಬಿಸಿಯಾಗಿ ತಂದುಕೊಟ್ಟರು. ನಾಲಿಗೆಗೆ ಯಾವ ರುಚಿಯೂ ಹತ್ತದ ದಿನಗಳಲ್ಲಿ ಹುಣಸೆಯ ಹುಳಿಯೊಂದು ಹತ್ತಿತು. ಅದು ಎಷ್ಟು ದೊಡ್ಡ ಉಪಕಾರವೆಂಬುದು ಕೀಮೋ ಪಡೆದವರಿಗೆ ಗೊತ್ತು.

ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಬಿತ್ತುವವನ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಎಲ್ಲರೂ ಬಲ್ಲರು. ಅದೇ ಅಧ್ಯಾಯದಲ್ಲಿ ನಾಲ್ಕೇ ವಚನಗಳ ಇನ್ನೊಂದು ಸಾಮ್ಯವಿದೆ, ಬೇರೆ ಯಾವ ಸುವಾರ್ತೆಯಲ್ಲಿಯೂ ಅದು ಸಿಗದು. ಒಬ್ಬನು ಬೀಜ ಹಾಕಿ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೇ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ತುಂಬಿದ ಕಾಳು. ಮಕ್ಕಳಿಗೆ ಸಂಡೇಸ್ಕೂಲಿನಲ್ಲಿ ಈ ಭಾಗವನ್ನು ಎಷ್ಟೋ ಸಲ ಕಲಿಸಿದ್ದೇನೆ. ಆದರೆ ಅದರಲ್ಲಿರುವ ಮಲಗಿದವನ ಕಡೆಗೆ ನನ್ನ ಗಮನ ಹೋದದ್ದು ನಾನೂ ಮಲಗಿದ ಮೇಲೆ. ಅವನು ಸೋಮಾರಿಯಲ್ಲ. ತನ್ನ ಕೈಲಾದದ್ದು ಮುಗಿದ ಮೇಲೆ ಉಳಿದದ್ದನ್ನು ಬಿಟ್ಟುಕೊಟ್ಟವನು. ಮಾತ್ರೆಯ ಮಂಪರಿನಿಂದ ಎಚ್ಚರವಾದಾಗಲೆಲ್ಲ ಅಲಸಂಡೆಯ ಕುಡಿ ಕಿಟಕಿಯ ಸರಳಿನಲ್ಲಿ ಇನ್ನೊಂದು ಸುತ್ತು ಹೆಚ್ಚು ಹಬ್ಬಿರುತ್ತಿತ್ತು. ನನ್ನಿಂದ ಅದಕ್ಕೆ ಏನೂ ಆಗಿರಲಿಲ್ಲ.

ಎಲ್ಲವೂ ಬೆಳೆಯಿತು ಎಂದು ಮಾತ್ರ ಯಾರೂ ತಿಳಿಯಬೇಡಿ. ಜುಲೈ ಮಳೆಗೆ ಮುಳ್ಳುಸೌತೆಯ ಬುಡ ಕೊಳೆಯಿತು. ಹೀರೆಕಾಯಿ ಎಳೆಯದಾಗಿರುವಾಗಲೇ ಹಣ್ಣುನೊಣ ಚುಚ್ಚಿ ಹಾಳಾದವು. ಉಳಿದ ಬೆಂಡೆಯಲ್ಲಿ ನವಿಲುಗಳು ಪಾಲು ತೆಗೆದುಕೊಂಡವು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲ ಕೊಡದಿದ್ದರೂ, ಹೊಲ ಆಹಾರ ಕೊಡದಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನೆಂದು ಪ್ರವಾದಿ ಹಬಕ್ಕೂಕನು ಹೇಳುತ್ತಾನಲ್ಲ, ಆ ಮಾತನ್ನು ನನ್ನ ಬಾಯಿಂದ ಹೇಳಲು ಆಗ ಶಕ್ತಿಯಿರಲಿಲ್ಲ. ಸ್ತ್ರೀಯರ ಕೂಟದವರು ಬುಧವಾರ ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, ಸೋಂಕಿನ ಭಯದಿಂದ ಒಳಗೆ ಬಾರದೆ, ಕಿಟಕಿಯ ಆಚೆಯಿಂದಲೇ ಅದನ್ನು ಓದಿದರು. ನಾಲ್ವರು ಹೊತ್ತು ತಂದ ಪಾರ್ಶ್ವವಾಯು ರೋಗಿಯ ಕಥೆಯಲ್ಲಿ ಯೇಸುಸ್ವಾಮಿ ನೋಡಿದ್ದು ಹೊತ್ತವರ ನಂಬಿಕೆಯನ್ನು. ಛಾವಣಿ ತೆಗೆದು ಇಳಿಸಿದವರ ನಂಬಿಕೆಯ ಮೇಲೆ ಒಬ್ಬ ಮನುಷ್ಯ ಎದ್ದು ನಡೆದ. ಜಗಲಿಯ ಅಕ್ಕತಂಗಿಯರೇ, ಆ ತಿಂಗಳುಗಳಲ್ಲಿ ನಾನು ನಂಬಿದ್ದು ನಿಮ್ಮ ನಂಬಿಕೆಯಿಂದ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಮರಿಯಮ್ಮನವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಆಚೆಮನೆಯ ಮಕ್ಕಳು ನಮ್ಮ ಅಂಗಳಕ್ಕೆ ಬಂದರು. ಮರಿಯಮ್ಮನವರಿಗೆ ಅರ್ಪಿಸಲು ದಾಸವಾಳ, ಗೌರಿಹೂವು, ಅಬ್ಬಲಿಗೆ ಕೊಯ್ದು, ಹೋಗುವಾಗ ಕಿಟಕಿಗೆ ಕೈಬೀಸುತ್ತಿದ್ದರು. ಹಬ್ಬದ ದಿನ ಅವರ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆ ನಮ್ಮ ಮನೆಗೂ ಬಂತು. ನಮ್ಮ ಸಭೆಯ ಪದ್ಧತಿ ಬೇರೆ, ಅವರದ್ದು ಬೇರೆ. ತೆನೆಯನ್ನು ನಾವು ಎರಡೂ ಕೈಯಿಂದ ತೆಗೆದುಕೊಂಡೆವು.

ಮಲ್ಲಿಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ನಾವಿರುವುದು ಶಂಕರಪುರದ ಕಡೆ. ಭೌಗೋಳಿಕ ಸೂಚಕ ಪಡೆದ ಉಡುಪಿ ಮಲ್ಲಿಗೆ ಈ ಭಾಗದ ಎಷ್ಟೋ ಹೆಂಗಸರ ಸ್ವಂತ ಸಂಪಾದನೆ. ಬೆಳಗಿನ ಬಿಸಿಲೇರುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತೇವೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಳೆಗಾಲ ಪೂರ್ತಿ ಮುಗಿದ ಮೇಲೆ ಗಿಡದ ಗೆಲ್ಲು ಸವರಬೇಕು, ಇಲ್ಲವಾದರೆ ಸೊಪ್ಪು ಮಾತ್ರ ಹೆಚ್ಚುತ್ತದೆ, ಹೊಸ ಚಿಗುರಿನ ತುದಿಯಲ್ಲಿ ಬರಬೇಕಾದ ಮೊಗ್ಗು ಬರುವುದಿಲ್ಲ. ಸವರಿದ ಗಿಡವನ್ನು ಮೊದಲ ಸಲ ನೋಡಿದವರು ಸತ್ತೇ ಹೋಯಿತೆಂದು ತಿಳಿಯುತ್ತಾರೆ.

ನನ್ನ ಕೂದಲು ಉದುರಿದ್ದ ಆ ದಿನಗಳಲ್ಲಿ, ನನ್ನ ಮೇಲಿನ ಪ್ರೀತಿಯಿಂದಲೇ ಬಂದ ಕೆಲವರು ಯೋಹಾನನ ಸುವಾರ್ತೆಯ 15ನೇ ಅಧ್ಯಾಯವನ್ನು ನೆನಪಿಸಿದರು. ಫಲ ಕೊಡುವ ಕೊಂಬೆಯನ್ನು ತಂದೆ ಹೆಚ್ಚು ಫಲಕ್ಕಾಗಿ ಶುದ್ಧಿಮಾಡುತ್ತಾನೆ, ದೇವರು ನಿನ್ನನ್ನು ಸವರುತ್ತಿದ್ದಾನೆ, ಕಾಯಿಲೆ ಒಂದು ಆಶೀರ್ವಾದ ಎಂದರು. ಅವರ ಪ್ರೀತಿಗೆ ನಾನು ಋಣಿ. ಆದರೆ ಈ ಮಾತನ್ನು ಒಪ್ಪಲಾರೆ, ಇನ್ನೊಬ್ಬ ರೋಗಿಗೆ ಹೇಳಲೂ ಬಾರದೆಂದು ಕೈಮುಗಿದು ಬೇಡುತ್ತೇನೆ. ನಾನು ಮಲ್ಲಿಗೆ ಸವರಿದವಳು. ಸವರುವ ಕೈ ಗಿಡದ ಕಣ್ಣು ಎಲ್ಲಿದೆ ಎಂದು ನೋಡಿ ಅದರ ಮೇಲಕ್ಕೆ ಕತ್ತರಿ ಇಡುತ್ತದೆ, ಸವರಿದ ಮೇಲೆ ಬುಡಕ್ಕೆ ನೆಲಗಡಲೆ ಹಿಂಡಿಯ ನೀರು ಹೊಯ್ಯುತ್ತದೆ. ಕ್ಯಾನ್ಸರ್ ಹಾಗೆ ನೋಡಿ ಬರುವುದಿಲ್ಲ. ಅದು ಬುಡದ ಹುಳ. ಯೇಸುಸ್ವಾಮಿ ರೋಗಿಯನ್ನು ಕಂಡು ಇದು ನಿನ್ನ ಒಳ್ಳೆಯದಕ್ಕೆ, ಇಟ್ಟುಕೋ ಎಂದು ಕಳುಹಿಸಿದ್ದು ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ, ಮುಟ್ಟಿ ಗುಣಪಡಿಸಿದರು. ದೇವರ ಕೈಯನ್ನು ನಾನು ಕಂಡದ್ದು ಹಿಂಡಿಯ ನೀರು ಹೊಯ್ದವರಲ್ಲಿ.

ಆ ವರ್ಷ ನಮ್ಮ ಮಲ್ಲಿಗೆಯನ್ನು ಸವರಿದ್ದು ಶೆಟ್ಟರ ಮನೆಯ ಅಕ್ಕ. ತಮ್ಮ ಮನೆಯ ಗಿಡಗಳ ಕೆಲಸ ಮುಗಿಸಿ, ನಡು ಹಿಡಿದುಕೊಂಡು ಬಂದು, ನಮ್ಮ ಒಂದೊಂದೇ ಗಿಡವನ್ನು ಮಾಡಿದರು. ಬೇಸಿಗೆಯಲ್ಲಿ ಹೂವು ಹೊರೆ ಹೊರೆಯಾಗಿ ಬಂದಾಗ ಕೊಯ್ಯಲು ನನ್ನ ಬೆರಳುಗಳಲ್ಲಿ ಸ್ಪರ್ಶವಿರಲಿಲ್ಲ, ಔಷಧಿಯಿಂದ ಜೋಮು ಹಿಡಿದಿತ್ತು. ಸಂಡೇಸ್ಕೂಲಿನ ದೊಡ್ಡ ಮಕ್ಕಳು ಪರೀಕ್ಷೆ ಮುಗಿಸಿ ಬಂದು ಕೊಯ್ದರು, ಅವರ ತಾಯಂದಿರು ಕಟ್ಟಿದರು. ಹೂವಿನ ಹಣವೆಲ್ಲ ಲೆಕ್ಕ ಸಹಿತ ನಮ್ಮ ಮನೆಗೆ ಬಂತು. ಪುನರುತ್ಥಾನದ ಹಬ್ಬದ (ಈಸ್ಟರ್) ಮುಂಜಾನೆ ವೇದಿಕೆಯ ಮೇಲೆ ಇಟ್ಟ ಮಲ್ಲಿಗೆ ನಮ್ಮ ಹಿತ್ತಿಲಿನದೆಂದು ಅಯ್ಯನವರು ಹೇಳಿದರಂತೆ. ನಾನು ಆಗಿನ್ನೂ ಜನರ ನಡುವೆ ಹೋಗುತ್ತಿರಲಿಲ್ಲ. ಫೋನಿನಲ್ಲಿ ಕೇಳಿ ಗಟ್ಟಿಯಾಗಿ ಅತ್ತೆ, ಸಂತೋಷದಿಂದ.

ಚಳಿಗಾಲದ ಹರಿವೆ, ಬದನೆಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರೇಡಿಯೇಶನ್ನಿಗೆ ದಿನವೂ ಹೋಗಿಬರುತ್ತಿದ್ದ ಕಾಲ ಅದು. ಸ್ಟ್ಯಾಂಡಿನ ಆಟೋದವರು ಸರದಿ ಹಾಕಿಕೊಂಡು ಬಸ್ಸಿನವರೆಗೆ ಬಿಡುತ್ತಿದ್ದರು, ಬಾಡಿಗೆ ಕೊಡಲು ಹೋದರೆ ಎರಡು ಬೆಂಡೆಕಾಯಿ ಕೊಡಿ ಸಾಕು ಎನ್ನುತ್ತಿದ್ದರು. ಬೆಂಡೆ ಮುಗಿದಿದ್ದ ಕಾಲದಲ್ಲಿಯೂ ಅದನ್ನೇ ಹೇಳಿದರು.

ಚಿಕಿತ್ಸೆ ಕೊಟ್ಟ ವೈದ್ಯರಿಗೆ, ವಿಶೇಷವಾಗಿ ರಕ್ತನಾಳ ಸಿಗದೆ ಒದ್ದಾಡುವಾಗ ನನ್ನ ಕೈ ಸವರಿ ಧೈರ್ಯ ಹೇಳಿದ ದಾದಿಯರಿಗೆ, ಕೃತಜ್ಞಳಾಗಿದ್ದೇನೆ. ಕಣಗಳ ಸಂಖ್ಯೆ ಸರಿಹೋಗಿದೆ, ಇನ್ನು ಕೈಗವಸು ಹಾಕಿಕೊಂಡು ಮಣ್ಣಿನ ಕೆಲಸ ಮಾಡಬಹುದು ಎಂದು ವೈದ್ಯರು ಹೇಳಿದ ದಿನ, ಆಸ್ಪತ್ರೆಯಿಂದ ನೇರ ಪೇಟೆಗೆ ಹೋಗಿ ಕೈಗವಸು ಕೊಂಡೆವು. ಈ ವರ್ಷದ ಮಳೆಗೆ ಬೀಜ ಹಾಕಿದ್ದು ನಾನು. ನಮ್ಮವರು ಪಕ್ಕದಲ್ಲಿ ನೂಲು ಹಿಡಿದಿದ್ದರು, ಸಾಲು ಈಗ ಅವರದ್ದೇ.

ನಾನು ನೆಟ್ಟೆ, ಅಪೊಲ್ಲೋಸನು ನೀರು ಹೊಯ್ದ, ಬೆಳೆಸಿದವನು ದೇವರು ಎಂದು ಪೌಲನು ಕೊರಿಂಥದವರಿಗೆ ಬರೆಯುತ್ತಾನೆ. ನಮ್ಮ ಹಿತ್ತಿಲಿನಲ್ಲಿ ಕಳೆದ ವರ್ಷ ನೆಟ್ಟವರು ಬೇರೆ, ನೀರು ಹೊಯ್ದವರು ಬೇರೆ, ಬೇಲಿ ಕಟ್ಟಿದವರು, ಕೊಯ್ದವರು, ಕಟ್ಟಿದವರು, ಮಾರಿದವರು ಬೇರೆ. ಬೆಳೆ ಹಬ್ಬದ ಬುಟ್ಟಿಯಲ್ಲಿ ಇದ್ದದ್ದು ಅದೇ ಗಿಡಗಳ ಬೀಜದಿಂದ ಬಂದ ಬೆಂಡೆ, ಅದೇ ಬುಡದ ಬಸಳೆ. ನನ್ನ ಹೆಸರಿನಲ್ಲಿ ಏಲಂ ಕೂಗಿದರು. ಅದು ನಿಮ್ಮೆಲ್ಲರ ಹೆಸರಿನಲ್ಲಿ ಕೂಗಬೇಕಾಗಿದ್ದ ಬುಟ್ಟಿ ಎಂಬುದನ್ನು ಹೇಳಲಿಕ್ಕೇ ಅಂದು ಎದ್ದು ನಿಂತಿದ್ದೆ.

ನಮ್ಮ ಸಭೆಯಲ್ಲಿ, ನೆರೆಯಲ್ಲಿ ಈಗ ಚಿಕಿತ್ಸೆಯಲ್ಲಿರುವವರು ಇದ್ದೀರಿ. ನಿಮ್ಮ ಹಿತ್ತಿಲು ಪಾಳು ಬೀಳುತ್ತದೆಂದು ಚಿಂತಿಸುತ್ತಿದ್ದರೆ ನನಗೊಂದು ಫೋನ್ ಮಾಡಿ. ನಾನು ಬರುತ್ತೇನೆ, ನಮ್ಮವರನ್ನೂ ಕರೆತರುತ್ತೇನೆ. ಬಿಳಿ ಬೆಂಡೆಯ ಬೀಜ ಬಲಿತು ಒಣಗಿದೆ, ಅಲಸಂಡೆಯದೂ ಇದೆ. ಪೊಟ್ಟಣ ಕಟ್ಟಿ ಮುಂದಿನ ಭಾನುವಾರ ದೇವಾಲಯದ ಜಗಲಿಯಲ್ಲಿ ಇಡುತ್ತೇನೆ, ಬೇಕಾದವರು ತೆಗೆದುಕೊಂಡು ಹೋಗಿ. ಬಸಳೆಯ ಬಳ್ಳಿ ಬೇಕಾದವರು ಮನೆಗೇ ಬನ್ನಿ, ಕಡಿದು ಕೊಡುತ್ತೇನೆ. ಸಂಜೆ ನಾಲ್ಕರ ನಂತರ ಹಿತ್ತಿಲಿನಲ್ಲಿರುತ್ತೇನೆ.